ಸುತ್ತಿಗೆ ಎತ್ತುವ ಮೊದಲು

ಪುಟ್ಟಾ, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಎರಡು ಸಲ ಕೇಳಿದೆ. ನೀನೇ ಕಟ್ಟಿದ ಕಾರಿನ ಸೆಲ್ಫ್ ಮೋಟಾರು ಮೊನ್ನೆಯವರೆಗೆ ಎಂಜಿನನ್ನು ಚೆನ್ನಾಗಿ ತಿರುಗಿಸುತ್ತಿತ್ತು, ಈಗ ಕೀಲಿ ತಿರುಗಿಸಿದರೆ ಒಂದೇ ಒಂದು ಸಲ ‘ಟಕ್’ ಎಂದು ಸುಮ್ಮನಾಗುತ್ತದೆ, ಅದೇ ಕ್ಷಣ ಹೆಡ್‌ಲೈಟು ಮಂಕಾಗುತ್ತದೆ ಎಂದಿದ್ದೀಯ. ಭಾವನವರು ಸುತ್ತಿಗೆಯಿಂದ ಎರಡು ಏಟು ಹಾಕಲು ಹೇಳಿದ್ದಾರೆ. ಭಾವನವರೇ, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದ ಹಳೆಯ ಮೋಟಾರು ಏಟು ಬಿದ್ದಾಗ ಒಂದೆರಡು ಸಲ ತಿರುಗುವುದು ನಿಜ. ಆದರೆ ಇವನು ಹಾಕಿರುವುದು ಒಳಗೆ ಅಯಸ್ಕಾಂತವನ್ನು ಅಂಟಿಸಿದ ಹೊಸ ಬಗೆಯ ಮೋಟಾರು. ಏಟಿಗೆ ಅಯಸ್ಕಾಂತ ಬಿರುಕು ಬಿಟ್ಟು ಅದರ ಚೂರು ಒಳಗೆ ತಿರುಗುವ ಆರ್ಮೇಚರಿಗೆ ಸಿಕ್ಕಿದರೆ, ಸರಿಯಿದ್ದ ಮೋಟಾರೂ ಕೈಬಿಟ್ಟು ಹೋಗುತ್ತದೆ. ದಯವಿಟ್ಟು ಅದೊಂದು ಬೇಡ.

ಹೆಡ್‌ಲೈಟು ಮಂಕಾಗುವುದು ಒಳ್ಳೆಯ ಸುಳಿವು. ದೀಪ ಸ್ವಲ್ಪವೂ ಬದಲಾಗದೆ ಉರಿಯುತ್ತಿದ್ದರೆ ಕರೆಂಟು ಮೋಟಾರಿನಲ್ಲಿ ಹರಿಯುತ್ತಲೇ ಇಲ್ಲ, ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನ ಕಾಂಟ್ಯಾಕ್ಟೋ ಬ್ರಷ್ಷೋ ಎಂಜಿನ್ನಿನ ಅರ್ಥ್ ತಂತಿಯೋ ಕೆಟ್ಟಿದೆ ಎಂದು ಹೇಳಬಹುದಿತ್ತು. ನಿನ್ನದರಲ್ಲಿ ಕರೆಂಟು ಎಳೆಯುತ್ತಿದೆ. ಹಾಗಾದರೆ ಬ್ಯಾಟರಿ ಸೋತಿರಬೇಕು, ಇಲ್ಲವೇ ಮೋಟಾರು ತಿರುಗಲಾರದೆ ನಿಂತಿರಬೇಕು. ಮಲ್ಟಿಮೀಟರ್ ಇಟ್ಟು ನೋಡು: ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಅಷ್ಟಿದ್ದರೂ ಮೋಟಾರು ಅಲ್ಲಾಡದಿದ್ದರೆ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಬೇಡ. ನಿಂತ ಮೋಟಾರು ತಿರುಗುವ ಮೋಟಾರಿಗಿಂತ ಎಷ್ಟೋ ಹೆಚ್ಚು ಕರೆಂಟು ಎಳೆದು ಕೆಲವೇ ಸೆಕೆಂಡಿನಲ್ಲಿ ಸುಡುವಷ್ಟು ಬಿಸಿಯಾಗುತ್ತದೆ.

ಇನ್ನು ಸಿಕ್ಕಿಕೊಂಡ ಮೋಟಾರನ್ನು ಬಿಡಿಸುವ ವಿಷಯ. ಇಗ್ನಿಷನ್ ಆಫ್ ಮಾಡಿ, ಕೀಲಿ ತೆಗೆದು, ಗಾಡಿಯನ್ನು ಸಮತಟ್ಟಾದ ಕಡೆ ಟಾಪ್ ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಇಬ್ಬರು ಸೇರಿ ಹಿಂದಕ್ಕೂ ಮುಂದಕ್ಕೂ ತೂಗಿರಿ. ಮೋಟಾರಿನ ತುದಿಯ ಪುಟ್ಟ ಹಲ್ಲುಚಕ್ರ, ಅಂದರೆ ಪಿನಿಯನ್, ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಸುತ್ತಲಿನ ಹಲ್ಲಿನ ಬಳೆಗೆ (ರಿಂಗ್ ಗೇರಿಗೆ) ಕಚ್ಚಿಕೊಂಡಿದ್ದರೆ ‘ಟಣ್’ ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಮೋಟಾರನ್ನು ಕಳಚಿ, ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ನಿನ ಬೆಲ್ಟ್ ಓಡುವ ಚಕ್ರದ (ಕ್ರ್ಯಾಂಕ್ ಪುಲ್ಲಿಯ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನನ್ನು ಅದು ಓಡುವ ದಿಕ್ಕಿನಲ್ಲಿ ಕೈಯಿಂದ ತಿರುಗಿಸಿ ನೋಡು. ಸಲೀಸಾಗಿ ತಿರುಗಿದರೆ ಎಂಜಿನ್ನಿನ ಭಯ ಬೇಡ. ಕಳಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಲೇಬೇಕು. ಮೋಟಾರಿಗೆ ಬರುವ ದಪ್ಪ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಕೀಲಿ ಆಫ್ ಇದ್ದರೂ ಅದು ಜೀವಂತ. ಗಾಡಿಯ ಕೆಳಗೆ ಹೋಗುವುದಾದರೆ ಬರೀ ಜಾಕಿಯನ್ನು ನಂಬಬೇಡ, ಸ್ಟ್ಯಾಂಡ್ ಇಡು.

ಇಷ್ಟಕ್ಕೆ ಗಾಡಿ ಸ್ಟಾರ್ಟ್ ಆದರೂ ಅಲ್ಲಿಗೇ ಬಿಡಬೇಡ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಪಿನಿಯನ್ನಿಗೂ ರಿಂಗ್ ಗೇರಿಗೂ ಇರಬೇಕಾದ ಅಂತರವನ್ನು ಯಾರೋ ಮೊದಲೇ ಲೆಕ್ಕ ಹಾಕಿರುತ್ತಾರೆ. ಒಂದು ಗಾಡಿಯ ಎಂಜಿನ್ನಿಗೆ ಇನ್ನೊಂದು ಗಾಡಿಯ ಗೇರ್‌ಬಾಕ್ಸನ್ನು, ನಡುವೆ ಅಡಾಪ್ಟರ್ ಪ್ಲೇಟ್ ಎಂಬ ಲೋಹದ ಹಲಗೆ ಕೊಟ್ಟು, ಜೋಡಿಸಿದ ನಿನ್ನಂಥವನು ಆ ಲೆಕ್ಕವನ್ನು ತಾನೇ ಹಾಕಬೇಕು. ನಾನು ನನ್ನ ಕಾರು ಕಟ್ಟಿದಾಗ ಒಂದೇ ತಿಂಗಳಲ್ಲಿ ಮೂರು ಸಲ ಹೀಗೆಯೇ ಸಿಕ್ಕಿಕೊಂಡಿತು, ಮೂರು ಸಲವೂ ತೂಗಿ ಬಿಡಿಸಿ ಸಮಾಧಾನಪಟ್ಟೆ. ನಾಲ್ಕನೆಯ ಸಲ ಕಳಚಿ ಬೆಳಕಿಗೆ ಹಿಡಿದಾಗ ಪಿನಿಯನ್ ಹಲ್ಲುಗಳ ತುದಿಯಲ್ಲಿ ಮಾತ್ರ ಎರಡು ಮಿಲಿಮೀಟರ್ ಅಗಲದ ಬೆಳ್ಳಿಯಂಥ ಹೊಳಪು, ಉಳಿದ ಉದ್ದವೆಲ್ಲ ಹೊಸದರಂತೆಯೇ ಕಪ್ಪು. ನಾನು ಹಾಕಿದ ಹತ್ತು ಮಿಲಿಮೀಟರ್ ಪ್ಲೇಟು ರಿಂಗ್ ಗೇರನ್ನು ಗೇರ್‌ಬಾಕ್ಸಿನ ಕಡೆ ಕೂತ ಮೋಟಾರಿನಿಂದ ಅಷ್ಟೇ ದೂರ ಮಾಡಿತ್ತು, ಹಲ್ಲು ಹಲ್ಲಿನ ಅಂಚನ್ನು ಮಾತ್ರ ಹಿಡಿಯುತ್ತಿತ್ತು. ಮೋಟಾರು ಕೂರುವ ಮುಖದ ಮೇಲೆ ಉಗುರಿನಷ್ಟು ದಪ್ಪ ಪೇಂಟು ಬೇರೆ ಉಳಿದು ಅದನ್ನು ಒಂದು ಕಡೆಗೆ ವಾಲಿಸಿತ್ತು. ಪೇಂಟನ್ನು ಕೆರೆದು, ಮೋಟಾರನ್ನು ಒಳಕ್ಕೆ ಸರಿಸಿ ಕೂರಿಸುವಂತೆ ಆ ಜಾಗವನ್ನು ಲೇತಿನಲ್ಲಿ ಕಡೆಸಿದ ಮೇಲೆ ಇಂದಿನವರೆಗೆ ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ನೀನೂ ಅಳತೆ ತೆಗೆದುಕೋ. ವಿರಾಮದಲ್ಲಿದ್ದಾಗ ಪಿನಿಯನ್ನಿನ ಮುಖಕ್ಕೂ ರಿಂಗ್ ಗೇರಿನ ಅಂಚಿಗೂ ನಡುವೆ ಎರಡು ಮೂರು ಮಿಲಿಮೀಟರ್ ಇದ್ದರೆ ನಾನು ಒಪ್ಪುತ್ತೇನೆ. ಪಿನಿಯನ್ ಮುಂದೆ ಬಂದಾಗ ಹಲ್ಲಿನ ತುದಿ ಎದುರು ಹಲ್ಲಿನ ಬುಡಕ್ಕೆ ಒತ್ತಿಕೊಳ್ಳಬಾರದು, ಅಲ್ಲಿ ಸುಮಾರು ಅರ್ಧ ಮಿಲಿಮೀಟರ್ ತಂತಿ ತೂರುವಷ್ಟು ಸಂದು ಬೇಕು. ಮೋಟಾರು ಹೊರಗಿರುವಾಗಲೇ ಆ ತೂತಿನಲ್ಲಿ ಟಾರ್ಚ್ ಬಿಟ್ಟು, ಪುಲ್ಲಿಯಿಂದ ಎಂಜಿನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತ ರಿಂಗ್ ಗೇರಿನ ಒಂದೊಂದು ಹಲ್ಲನ್ನೂ ನೋಡು. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗಗಳಲ್ಲಿ ನಿಲ್ಲುವುದರಿಂದ ಸವೆತವೂ ಅಲ್ಲಿಯೇ ಕಾಣುತ್ತದೆ.

ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿದೆ, ಚಾಸಿಗೆ ಪೇಂಟು ಹೊಡೆದಿದ್ದೀಯ. ಆದ್ದರಿಂದ ಎಂಜಿನ್ನಿನಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿ ಬಂದಿದೆಯೇ, ಅದರ ಬೋಲ್ಟಿನ ಕೆಳಗೆ ಬರಿ ಲೋಹ ಕಾಣುತ್ತದೆಯೇ ಎಂಬುದನ್ನೂ ನೋಡಿಬಿಡು.

ಮೋಟಾರು ಕೈಗೆ ಬಂದ ಕೂಡಲೇ ಪಿನಿಯನ್ ಹಲ್ಲನ್ನು ಒರೆಸಬೇಡ. ಹೊಳಪು ಎಲ್ಲಿದೆ ಎಂದು ಕಾಣುವಂತೆ ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕು, ನಿನ್ನ ಪ್ಲೇಟಿನ ದಪ್ಪವನ್ನೂ ಬರೆ. ಜಾಗ ಕಡೆಸಬೇಕೋ, ತೆಳು ತಗಡಿನ ಶಿಮ್ ಕೊಟ್ಟರೆ ಸಾಕೋ ಎಂದು ಅದನ್ನು ನೋಡಿಯೇ ಹೇಳುತ್ತೇನೆ.