ಹಳೆ ಕಟ್ಟಡಕ್ಕೆ ಹೆರಿಟೇಜ್ ಪಟ್ಟ: ಮಾಟುಂಗಾದಿಂದ ಬಂದ ಪ್ರಶ್ನೆ

ಪ್ರಶ್ನೆ (ಸದಸ್ಯೆ, ಮಾಟುಂಗಾ, ಮುಂಬಯಿ): ನಮಸ್ಕಾರ ಸರ್. ಕಿಂಗ್ಸ್ ಸರ್ಕಲ್ ಹತ್ತಿರ ನಮ್ಮದು ಮೂರು ಮಹಡಿಯ ಕಟ್ಟಡ. ಮುಂಬಾಗಿಲ ಮೇಲೆ 1937 ಅಂತ ಇಸವಿ ಇದೆ. ನಾವೆಲ್ಲ ಪಗಡಿ ಬಾಡಿಗೆದಾರರು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಕಾಯಂ ಇರುವವರು. ನಮ್ಮ ಮಾವ ಉಡುಪಿಯಿಂದ ಬಂದು ಸಂಸಾರ ಹೂಡಿದ್ದು ಇಲ್ಲೇ. ಈಗ ಮಾಲೀಕರು ಬಿಲ್ಡರ್ ಜೊತೆ ಮಾತುಕತೆ ಶುರು ಮಾಡಿದ್ದಾರೆ. ‘ಇದು ಹೆರಿಟೇಜ್, ಮುಟ್ಟೋಕೆ ಬಿಡಬಾರದು’ ಅಂತ ಹಿರಿಯರು ಹಟ ಹಿಡಿದಿದ್ದಾರೆ. ಮಕ್ಕಳಿಗೆ ಲಿಫ್ಟ್ ಬೇಕು, ಪಾರ್ಕಿಂಗ್ ಬೇಕು. ನಮ್ಮ ಕಟ್ಟಡ ನಿಜಕ್ಕೂ ಹೆರಿಟೇಜ್ ಆಗುತ್ತಾ? ಯಾರು ತೀರ್ಮಾನಿಸ್ತಾರೆ? ಫೋಟೋ ಹಾಕಿದ್ದೇನೆ.

ಉತ್ತರ (ಕನ್ಸರ್ವೇಶನ್ ಆರ್ಕಿಟೆಕ್ಟ್, ಹಳೇ ಕಟ್ಟಡ ಉಳಿಸುವ ತಜ್ಞರು): ಮೇಡಂ, ಫೋಟೋ ನೋಡಿದೆ. ದುಂಡಗೆ ತಿರುಗಿದ ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನ ಹಾಗೆ ಚಾಚಿದ ಸಜ್ಜಾ, ಮೆಟ್ಟಿಲಿನ ಭಾಗ ಮಾತ್ರ ಎತ್ತರಕ್ಕೆ ಎದ್ದು ನಿಂತಿರುವುದು. ಮುಂಬಯಿಯ ಆರ್ಟ್ ಡೆಕೊ ಶೈಲಿಯೇ. ಚೆನ್ನಾಗಿದೆ. ಆದರೆ ಚೆನ್ನಾಗಿದೆ ಅನ್ನೋದಕ್ಕೆ ಪಟ್ಟ ಸಿಗುವುದಿಲ್ಲ.

ಮೊದಲು ವಯಸ್ಸಿನ ವಿಚಾರ. ನೂರು ವರ್ಷ ಆಗಿರಬೇಕು ಅನ್ನೋದು ಕೇಂದ್ರ ಸರ್ಕಾರದ 1958ರ ಸ್ಮಾರಕ ಕಾಯ್ದೆಯ ಮಾತು. ಎಲಿಫೆಂಟಾ ಗುಹೆಯಂಥ ಜಾಗಗಳಿಗೆ ಅದು ಅನ್ವಯ. ನಿಮ್ಮ ಮನೆಗೆ ಸಂಬಂಧಪಡುವುದು ನಗರದ ಹೆರಿಟೇಜ್ ಪಟ್ಟಿ. 1995ರಲ್ಲಿ ಮುಂಬಯಿಯ ಪಟ್ಟಿ ಬಂತು, ಭಾರತದಲ್ಲಿ ಅಂಥದ್ದು ಅದೇ ಮೊದಲು. 600ಕ್ಕೂ ಹೆಚ್ಚು ಕಟ್ಟಡ ಮತ್ತು ಜಾಗಗಳು ಅದರಲ್ಲಿದ್ದವು. ಅಲ್ಲಿ ಇಷ್ಟೇ ವರ್ಷ ಆಗಿರಬೇಕು ಎಂಬ ಗೆರೆ ಇಲ್ಲ. ಓವಲ್ ಮೈದಾನದ ಪೂರ್ವಕ್ಕೆ ಗಾಥಿಕ್, ಪಶ್ಚಿಮಕ್ಕೆ ಆರ್ಟ್ ಡೆಕೊ. ಮರೀನ್ ಡ್ರೈವ್‌ನ ಸಾಲೂ ಸೇರಿ ಒಟ್ಟು 94 ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೊ ಮಾನ್ಯತೆ ಬಂತು. ಅವುಗಳಲ್ಲಿ ಆರ್ಟ್ ಡೆಕೊ ಎಷ್ಟೋ ನಿಮ್ಮ ಕಟ್ಟಡದ ಓರಗೆಯವೇ.

ತೀರ್ಮಾನ ಯಾರದ್ದು ಅಂದರೆ, ಪ್ರಸ್ತಾವ ಪಾಲಿಕೆ ಆಯುಕ್ತರಿಂದಲೋ ಹೆರಿಟೇಜ್ ಸಮಿತಿಯಿಂದಲೋ ಹೋಗಬೇಕು. ಜನರ ಆಕ್ಷೇಪಣೆ ಕೇಳಬೇಕು. ಕೊನೆಯ ಮುದ್ರೆ ರಾಜ್ಯ ಸರ್ಕಾರದ್ದು. ಪಟ್ಟಿಯ ಕಟ್ಟಡಗಳಿಗೆ ಮೂರು ಗ್ರೇಡ್. ಗ್ರೇಡ್ 1 ಅಂದರೆ ಸಿಎಸ್‌ಎಂಟಿ ರೈಲು ನಿಲ್ದಾಣ, ಹೈಕೋರ್ಟ್ ತರಹದವು. ಹೊರಗೂ ಒಳಗೂ ಕೈ ಹಾಕುವಂತಿಲ್ಲ, ತೀರಾ ಅಗತ್ಯ ಬಿದ್ದರೆ ಮಾತ್ರ. ಗ್ರೇಡ್ 2ರಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ಒಳಗೆ ಬದಲಾವಣೆ ಮಾಡಬಹುದು, ಹೊರಗೆ ಕಟ್ಟುನಿಟ್ಟು. ಗ್ರೇಡ್ 3 ಬೀದಿಯ ರೂಪ ಉಳಿಸುವ ಕಟ್ಟಡಗಳಿಗೆ. ಒಂದೇ ಎತ್ತರ, ಒಂದೇ ಸಾಲು, ಮುಂಭಾಗದ ಗುಣ, ಒಂದು ಸಮುದಾಯದ ಬದುಕಿನ ರೀತಿ ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ನಾನು ಯಾವ ಕಟ್ಟಡ ನೋಡೋಕೆ ಹೋದರೂ ಕೇಳುವ ಪ್ರಶ್ನೆ ಒಂದೇ: ಇದು ನಾಳೆ ಇಲ್ಲದಿದ್ದರೆ ಹೋಗುವುದು ಏನು? ಬೆರಳಿಟ್ಟು ತೋರಿಸಿ. ಗಾಮದೇವಿಯ ಮಣಿಭವನ ಒಂದು ಮನೆ. ಅಂಥ ಮನೆಗಳು ಆ ಕಡೆ ಇನ್ನೂ ಇದ್ದವು. ಆದರೆ 1917ರಿಂದ 1934ರವರೆಗೆ ಮುಂಬಯಿಯಲ್ಲಿ ಗಾಂಧೀಜಿಗೆ ನೆಲೆಯಾಗಿದ್ದದ್ದು ಅದು. ಗಿರಗಾಂವದ ಕೇಶವಜಿ ನಾಯಕ್ ಚಾಳಿನಲ್ಲಿ (ಚಾಳು ಅಂದರೆ ಸಾಲು ಕೋಣೆಗಳ ಬಾಡಿಗೆ ವಸತಿ) 1893ರಿಂದ ಸಾರ್ವಜನಿಕ ಗಣೇಶೋತ್ಸವ ನಡೆದು ಬಂದಿದೆ. ಅಲ್ಲಿ ಚಾಳಿನ ಅಂಗಳವೇ ಇತಿಹಾಸ, ಗೋಡೆಯ ಅಂದಚೆಂದ ಆಮೇಲೆ. ಎರಡು ಕಡೆಯೂ ಉತ್ತರ ಒಂದು ವಾಕ್ಯದಲ್ಲಿ ಮುಗಿಯುತ್ತದೆ.

ನಿಮ್ಮ ಕಟ್ಟಡಕ್ಕೆ ಅಂಥ ಒಂದು ವಾಕ್ಯ ನನಗೆ ಕಾಣಲಿಲ್ಲ. ಬೇಜಾರು ಮಾಡ್ಕೋಬೇಡಿ. ಕಂಡದ್ದು ಸಾಲು. ಎರಡನೇ ಫೋಟೋದಲ್ಲಿ ಅಕ್ಕಪಕ್ಕದ ಕಟ್ಟಡಗಳೂ ಅಷ್ಟೇ ಎತ್ತರ, ರಸ್ತೆಯಿಂದ ಅಷ್ಟೇ ದೂರ. ಅದು ಆಕಸ್ಮಿಕ ಅಲ್ಲ. 1896ರ ಪ್ಲೇಗ್ ಆದಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ ಬೆಳಕು ಬರುವಂತೆ ದಾದರ್-ಮಾಟುಂಗಾ ಕಡೆ ಸೈಟು, ರಸ್ತೆ, ತೋಟ ಎಲ್ಲ ಅಳತೆ ಹಾಕಿ ಬಿಡಿಸಿತು. ದಕ್ಷಿಣದಿಂದ ಬಂದ ಮಧ್ಯಮ ವರ್ಗದವರು ಆಮೇಲೆ ಆ ಸೈಟುಗಳ ಮೇಲೆದ್ದ ಮನೆಗಳನ್ನು ತುಂಬಿದರು. ಈ ಕಥೆ ಹೇಳುವುದು ಬೀದಿ. ಒಂದು ಕಟ್ಟಡ ಅಲ್ಲ. ಹಾಗಾಗಿ ಕೇಳುವುದಾದರೆ ಇಡೀ ಬೀದಿಗೆ ಕೇಳಿ. ಒಂದೇ ಕಟ್ಟಡಕ್ಕೆ ಕೇಳಿದರೆ ‘ಬಿಲ್ಡರ್‌ಗೆ ಅಡ್ಡಗಾಲು’ ಅಂತಲೇ ಎಲ್ಲರೂ ಓದುತ್ತಾರೆ. ನಿಮ್ಮ ಪ್ರಶ್ನೆಯಲ್ಲೂ ಆ ವಾಸನೆ ಸ್ವಲ್ಪ ಇದೆ, ಅಲ್ವಾ?

ಪ್ರಶ್ನೆ (ಅದೇ ಸದಸ್ಯೆ): ಇದೆ ಸರ್, ಸುಳ್ಳು ಯಾಕೆ ಹೇಳಲಿ. ಆದರೆ ಗ್ರೇಡ್ 3 ಸಿಕ್ಕಿದರೂ ಒಡೆಯೋದು ನಿಲ್ಲುತ್ತಲ್ಲ?

ಉತ್ತರ: ಇಲ್ಲ. ಕಟ್ಟಡ ದುರ್ಬಲ, ಅಪಾಯಕಾರಿ ಎಂದಾದರೆ ಗ್ರೇಡ್ 3ರಲ್ಲಿ ಒಡೆದು ಕಟ್ಟೋಕೆ ಅವಕಾಶ ಇದೆ. ಹೊಸದು ಬೀದಿಗೆ ಹೊಂದಬೇಕು, ಅಷ್ಟೇ. ಮೇಲಿನ ಗ್ರೇಡ್ ಇದ್ದರೂ ಕಟ್ಟಡ ತಾನಾಗಿ ಉಳಿಯುವುದಿಲ್ಲ. ಕಾಲಾ ಘೋಡಾದ ವಾಟ್ಸನ್ ಹೋಟೆಲ್ ನೋಡಿ, ಈಗಿನ ಎಸ್ಪ್ಲನೇಡ್ ಮ್ಯಾನ್ಶನ್. 1860ರ ದಶಕದ ಎರಕದ ಕಬ್ಬಿಣದ ಕಟ್ಟಡ. 1896ರ ಜುಲೈ 7ರಂದು ಭಾರತದಲ್ಲಿ ಮೊದಲ ಸಲ ಸಿನಿಮಾ ತೋರಿಸಿದ್ದು ಅಲ್ಲೇ. ಗ್ರೇಡ್ 2-ಎ. ಆದರೂ 2019ರಲ್ಲಿ ಅಪಾಯಕಾರಿ ಎಂದು ಖಾಲಿ ಮಾಡಿಸಬೇಕಾಯಿತು. ಪಟ್ಟಿ ಇತ್ತು, ಕೀರ್ತಿ ಇತ್ತು. ವರ್ಷ ವರ್ಷ ಆಗಬೇಕಾದ ರಿಪೇರಿ ಆಗಲಿಲ್ಲ.

ಪಗಡಿ ಮನೆಗಳ ಗಂಟು ಇರುವುದೇ ಇಲ್ಲಿ. ಬಾಡಿಗೆ ಹಳೇ ಕಾಲದ್ದು. ಅದರಲ್ಲಿ ಮಾಲೀಕರು ಒಂದು ಮಹಡಿಗೆ ಪ್ಲಾಸ್ಟರ್ ಮಾಡಿಸುವುದೂ ಕಷ್ಟ. ಬಾಡಿಗೆದಾರರು ‘ನಮ್ಮದಲ್ಲ’ ಎಂದು ಕೈ ಎತ್ತುತ್ತಾರೆ. ಸೆಸ್ ಕಟ್ಟಡ (ರಿಪೇರಿಗೆಂದು ತೆರಿಗೆ ಕಟ್ಟುವ ಹಳೇ ಕಟ್ಟಡ) ಆದರೆ ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಮಂಡಳಿ ಇದೆ, ಆದರೆ ಅದರ ಖರ್ಚಿಗೆ ಮಿತಿ ಇದೆ. ಹೆರಿಟೇಜ್‌ನಿಂದ ಕಟ್ಟುವ ಹಕ್ಕು ಕಡಿಮೆಯಾದರೆ ಅದಕ್ಕೆ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಬಳಸಬಹುದಾದ ಇಲ್ಲವೇ ಮಾರಬಹುದಾದ ಕಟ್ಟುವ ಹಕ್ಕು, ಕೇಳಬಹುದು. ಆದರೆ ಅದು ಮಾಲೀಕರಿಗೆ. ಬಾಡಿಗೆದಾರರ ಸೋರುವ ಬಾತ್‌ರೂಮಿಗೆ ಅದರಿಂದ ಏನೂ ಬರುವುದಿಲ್ಲ. 2012ರಲ್ಲಿ ಪಾಲಿಕೆ ಹೆರಿಟೇಜ್ ಪಟ್ಟಿಗೆ ಹೊಸದಾಗಿ 900ಕ್ಕೂ ಹೆಚ್ಚು ಹೆಸರು ಪ್ರಕಟಿಸಿದಾಗ ಶಿವಾಜಿ ಪಾರ್ಕ್ ಕಡೆ ಎಷ್ಟೋ ಜನ ವಿರೋಧಿಸಿದ್ದು ಸುಮ್ನೆ ಅಲ್ಲ. ಇತಿಹಾಸ ಎಲ್ಲರದ್ದು, ಬಿಲ್ ಮಾತ್ರ ನಮ್ಮದಾ ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಪ್ರಶ್ನೆ (ಮತ್ತೊಬ್ಬ ಸದಸ್ಯ, ಹೋಟೆಲ್ ಉದ್ಯಮ): ಅಣ್ಣ, ಮಾಟುಂಗಾದ ನಮ್ಮ ಹಳೇ ಉಡುಪಿ ಹೋಟೆಲುಗಳಿಗೆ ಹೆರಿಟೇಜ್ ಕೊಡಿಸಬಹುದಾ ಮಾರಾಯ್ರೆ? ಬೋರ್ಡಿಂಗ್ ಊಟ ಉಣ್ಣಲು ಊರೆಲ್ಲ ಅಲ್ಲಿಗೇ ಬರುತ್ತದೆ.

ಉತ್ತರ: ಹೋಟೆಲ್ ಇರುವ ಕಟ್ಟಡಕ್ಕೆ ಕೊಡಿಸಬಹುದು. ಹೋಟೆಲಿಗೆ ಆಗುವುದಿಲ್ಲ. ಈ ನಿಯಮ ಕಾಯುವುದು ಗೋಡೆ, ಕಂಬ, ಬಾಗಿಲು. ಸ್ಟೇಶನ್ ಪಕ್ಕದ ಕೃಷ್ಣ ಬೋರ್ಡಿಂಗ್ 1942ರದ್ದು. ಅಂಥ ಕಡೆ ಬೆಲೆ ಇರುವುದು ಪಂಕ್ತಿಗೆ, ಸಾರಿಗೆ, ಬಡಿಸುವ ಕ್ರಮಕ್ಕೆ. ನಾಳೆ ಅದೇ ಗೋಡೆಯೊಳಗೆ ಮೊಬೈಲ್ ಅಂಗಡಿ ಬಂದರೂ ಹೆರಿಟೇಜ್ ಸಮಿತಿಗೆ ತಕರಾರಿಲ್ಲ, ಬೋರ್ಡು ಅಂದಗೆಡಿಸದಿದ್ದರೆ ಸಾಕು. ಹೋಟೆಲ್ ಉಳಿಯಬೇಕಾದರೆ ಬಾಡಿಗೆ ಕರಾರು ಗಟ್ಟಿ ಮಾಡ್ಕೊಳ್ಳಿ. ರೀಡೆವಲಪ್‌ಮೆಂಟ್ ಆದರೆ ನೆಲ ಅಂತಸ್ತಿನಲ್ಲೇ ಜಾಗ ಎಂದು ಮೊದಲೇ ಬರೆಸಿಕೊಳ್ಳಿ. ಅದು ವಕೀಲರ ಕೆಲಸ, ನನ್ನದಲ್ಲ.

ಪ್ರಶ್ನೆ (ಪುಣೆಯ ಸದಸ್ಯ): ನಮ್ಮ ಪೇಠೆಗಳಲ್ಲಿ ಮಾಟುಂಗಾದ ಮನೆಗಳಿಗಿಂತ ಹಳೇ ವಾಡೆಗಳನ್ನೇ (ಅಂಗಳವಿರುವ ದೊಡ್ಡ ಮನೆಗಳನ್ನೇ) ರಿಪೇರಿ ಮಾಡಿ ಉಳಿಸಿದ್ದಾರೆ. 1937ರದ್ದು ಯಾಕೆ ಆಗಲ್ಲ?

ಉತ್ತರ: ವಾಡೆ ಮರದ ಚೌಕಟ್ಟು. ಒಂದು ಕಂಬ ಗೆದ್ದಲು ಹಿಡಿದರೆ ಮೇಲಿನ ಭಾರಕ್ಕೆ ಆಸರೆ ಕೊಟ್ಟು ಅದೊಂದನ್ನು ಬದಲಿಸಬಹುದು. 1807ರ ವಿಶ್ರಾಮಬಾಗ್ ವಾಡಾ ಇನ್ನೂ ನಿಂತಿದೆ. 1930ರ ದಶಕದ ಕಾಂಕ್ರೀಟ್ ಬೇರೆ ಜಾತಿ. ಸಮುದ್ರದ ಗಾಳಿ, ಬಾತ್‌ರೂಮಿನ ಸೋರಿಕೆ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಹೊರಗಿನ ಕಾಂಕ್ರೀಟ್ ಒಡೆದು ಉದುರುತ್ತದೆ. ಮೇಲೆ ಬಣ್ಣ ಬಳಿದರೆ ಏನೂ ಕಾಣುವುದಿಲ್ಲ. ರಿಪೇರಿ ಆಗಲ್ಲ ಅಂತಲ್ಲ. ಎಷ್ಟು ಒಳಗೆ ಹೋಗಿದೆ ಎಂದು ನೋಡದೆ ಹೇಳೋಕಾಗಲ್ಲ.

ಪ್ರಶ್ನೆ (ಮಾಟುಂಗಾ ಸದಸ್ಯೆ): ಹಾಗಾದರೆ ನಾವು ಈಗ ಮೊದಲು ಏನು ಮಾಡಬೇಕು?

ಉತ್ತರ: ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಎಂಬ ತಪಾಸಣೆ. ಬಿಲ್ಡರ್ ಕರೆತಂದ ಎಂಜಿನಿಯರ್ ಬೇಡ, ಮಾಲೀಕರೂ ನೀವೂ ಒಪ್ಪುವವರು ಇರಲಿ. ಕಣ್ಣಲ್ಲಿ ನೋಡಿ ವರದಿ ಬರೆಯುವವರನ್ನು ಬಿಡಿ. ಕಾಂಕ್ರೀಟಿನಿಂದ ಕೋರ್ (ಕೊರೆದು ತೆಗೆದ ಉರುಳೆಯಾಕಾರದ ತುಂಡು) ತೆಗೆಸಬೇಕು. ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ಹಾಕಿ ನೋಡಬೇಕು: ಆಗ ತಾನೇ ಒಡೆದ ಕಾಂಕ್ರೀಟ್ ಗುಲಾಬಿ ಆದರೆ ಅಲ್ಲಿ ಸರಳಿಗೆ ಇನ್ನೂ ರಕ್ಷಣೆ ಇದೆ, ಬಣ್ಣ ಬರದಿದ್ದರೆ ಇಲ್ಲ. ಪಾಲಿಕೆ ಕಟ್ಟಡಗಳನ್ನು ಅಪಾಯ ಹೆಚ್ಚಿನಿಂದ ಕಡಿಮೆಗೆ ಸಿ1, ಸಿ2ಎ, ಸಿ2ಬಿ, ಸಿ3 ಎಂದು ವಿಂಗಡಿಸುತ್ತದೆ. ಸಿ1 ಬಂದರೆ ಖಾಲಿ ಮಾಡಬೇಕು, ಆಗ ಹೆರಿಟೇಜ್ ಮಾತು ಪಕ್ಕಕ್ಕಿಡಿ, ಜೀವ ಮುಖ್ಯ. ಹೊಸ ಕಟ್ಟಡದ ಎತ್ತರ ಮತ್ತು ಮುಂಭಾಗದ ಬಗ್ಗೆ ಬಿಲ್ಡರ್ ಹತ್ತಿರ ಚೌಕಾಸಿ ಮಾಡಿ. ಸಿ2ಬಿ ಅಥವಾ ಸಿ3 ಬಂದರೆ ರಿಪೇರಿಗೆ ಒಟ್ಟು ಎಷ್ಟಾಗುತ್ತದೆ ಎಂದು ಬರೆಸಿ, ಮಾಲೀಕರು ಎಷ್ಟು, ನೀವು ಎಷ್ಟು ಎಂದು ಕೂತು ಮಾತಾಡಿ. ಲಿಫ್ಟನ್ನು ಹಿಂಬದಿಯಲ್ಲಿ ಬೇರೆ ಗೋಪುರ ಕಟ್ಟಿ ಕೂರಿಸಬಹುದು, ಮುಂಭಾಗ ಕೆಡುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲು ಹೇಳಿ, ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಜೊತೆಗೆ ಬೀದಿಯ ಎಲ್ಲ ಮುಂಭಾಗಗಳ ಫೋಟೋ ತೆಗೆದಿಡಿ. ಮೆಟ್ಟಿಲ ಕಂಬಿ, ಮೊಸಾಯಿಕ್ ನೆಲ, ಹೆಸರಿನ ಅಕ್ಷರ ಯಾವುದನ್ನೂ ಬಿಡಬೇಡಿ. ಹಳೇ ನಕ್ಷೆ ಮಾಲೀಕರ ಬೀರುವಿನಲ್ಲಿ ಇರಬಹುದು, ಕೇಳಿ ನೋಡಿ. ಆಡಿಟ್ ವರದಿ ಬಂದಮೇಲೆ ಇಲ್ಲಿ ಹಾಕಿ. ಕಟ್ಟಡದ ಹೆಸರು, ಮನೆ ನಂಬರ್ ಮಾತ್ರ ಅಳಿಸಿ ಹಾಕಿ.