ಚಿನ್ನದ 'ಸ್ಟೂಲ್'ಗೆ ಗದ್ದುಗೆ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಘಾನಾ ದೇಶದ ಕುಮಾಸಿ ಊರಿನ ಬಗ್ಗೆ ಬರೆಯುತ್ತಿದ್ದೇನೆ. ಅದು ಅಸಾಂತೆ ಜನರ ರಾಜಧಾನಿ. ಅವರ ಅರಸನಿಗೆ ಅಸಾಂತೆಹೆನೆ ಎನ್ನುತ್ತಾರೆ. ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಟ್ವಿ ಭಾಷೆಯಲ್ಲಿ ಅದು 'ಸಿಕಾ ದ್ವಾ ಕೋಫಿ'. ಇಂಗ್ಲಿಷಿನವರು ಅದನ್ನು 'ಗೋಲ್ಡನ್ ಸ್ಟೂಲ್' ಎಂದರು.

ಸಿಕಾ ಎಂದರೆ ಚಿನ್ನ. ದ್ವಾ ಎಂದರೆ ಕೂರುವ ಮಣೆ. ಕೋಫಿ ಶುಕ್ರವಾರ ಹುಟ್ಟಿದ ಗಂಡುಮಗುವಿನ ಹೆಸರು, ಕೋಫಿ ಅನ್ನಾನ್ ಅವರ ಹೆಸರಲ್ಲಿ ಇರುವುದೂ ಅದೇ. (ತುಳುನಾಡಿನಲ್ಲಿ ತುಕ್ರ, ತನಿಯ, ಐತ ಅಂತ ವಾರದ ಹೆಸರು ಇಡುತ್ತಿದ್ದರಲ್ಲ, ಹಾಗೇ. ಇದು ಗೊತ್ತಾದಾಗ ತುಂಬಾ ಖುಷಿಯಾಯಿತು.) ಸುಮಾರು 1700ರ ಹೊತ್ತಿಗೆ ಒಸೆಯ್ ಟುಟು ಅರಸನಾಗಿದ್ದ. ಪೂಜಾರಿ ಒಕೊಂಫೊ ಅನೋಚೆ ಒಂದು ಶುಕ್ರವಾರ ಇದನ್ನು ಆಕಾಶದಿಂದ ಕರೆಸಿದ, ಅದು ಅರಸನ ಮಡಿಲಿಗೆ ಇಳಿಯಿತು ಎಂದು ಅವರ ನಂಬಿಕೆ. ಇಡೀ ಜನಾಂಗದ 'ಸುನ್ಸುಮ್', ಅಂದರೆ ಜೀವಾಳ, ಅದರೊಳಗಿದೆ. ಹಾಗಾಗಿ ಅದರ ಮೇಲೆ ಯಾರೂ ಕೂರುವಂತಿಲ್ಲ. ಅರಸ ಕೂಡ.

ಅದಕ್ಕೇ 'ಸಿಂಹಾಸನ' ನನಗೆ ಒಪ್ಪಿಗೆಯಿಲ್ಲ. ಸಿಂಹಾಸನ ಅಂದರೆ ಕೂರಲಿಕ್ಕೇ ಇರುವುದು, ಅಲ್ವಾ? 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಹಾಗೇ ತಿಳಿದ. ಕುಮಾಸಿಗೆ ಬಂದು, ಅದನ್ನು ನನಗೇಕೆ ಕೂರಲು ಕೊಟ್ಟಿಲ್ಲ ಎಂದು ಕೇಳಿದ. ಯುದ್ಧವೇ ಆಯಿತು. ಎಜಿಸುವಿನ ರಾಜಮಾತೆ ಯಾ ಅಸಾಂತೆವಾ ಮುಂದೆ ನಿಂತಳು. ನಾಡು ಬ್ರಿಟಿಷರ ಪಾಲಾಯಿತು, ಆದರೆ ಬಚ್ಚಿಟ್ಟಿದ್ದ ಆ ಮಣೆ ಅವರ ಕೈಗೆ ಸಿಗಲಿಲ್ಲ. ನಾವು ಸಿಂಹಾಸನ ಎಂದು ಬರೆದರೆ ಓದುಗರೂ ಆ ಗವರ್ನರ್ ತಿಳಿದ ಹಾಗೇ ತಿಳಿಯುತ್ತಾರೆ.

'ಪೀಠ' ಎಂದರೆ ಮಠದ ನೆನಪೇ ಜಾಸ್ತಿ. 'ಮಣೆ' ಆಕಾರಕ್ಕೆ ಹತ್ತಿರ. ಅಸಾಂತೆ ಮನೆಗಳಲ್ಲಿ ಎದ್ದ ಮೇಲೆ ಮಣೆಯನ್ನು ಪಕ್ಕಕ್ಕೆ ವಾಲಿಸಿಡುವ ರೂಢಿಯಿದೆ, ಅಲೆಯುವ ಆತ್ಮ ಬಂದು ಕೂರಬಾರದು ಅಂತ. ಆದರೆ 'ಚಿನ್ನದ ಮಣೆ' ಎಂದರೆ ಊಟದ ಮಣೆಯೋ ಹಸೆಮಣೆಯೋ ಕಣ್ಣ ಮುಂದೆ ಬರುತ್ತದೆ.

ನನ್ನ ಮನಸ್ಸು 'ಗದ್ದುಗೆ' ಕಡೆಗಿದೆ. ಅರಸ ಗದ್ದುಗೆ ಏರುತ್ತಾನೆ. ಶರಣರ, ಸ್ವಾಮಿಗಳ ಸಮಾಧಿಯೂ ಗದ್ದುಗೆಯೇ. ಮಡಿಕೇರಿಯಲ್ಲಿ ಕೊಡಗಿನ ಅರಸರ ಗದ್ದುಗೆಗಳಿವೆ. ಕುಮಾಸಿಯಲ್ಲೂ ಈ ಎರಡು ಅರ್ಥ ಒಂದೇ ವಸ್ತುವಿನಲ್ಲಿ ಸೇರುತ್ತವೆ. ಒಳ್ಳೆಯ ಅರಸ ತೀರಿಕೊಂಡ ಮೇಲೆ ಅವನು ಕೂರುತ್ತಿದ್ದ ಮಣೆಗೆ ಮಸಿ ಬಳಿದು ಕಪ್ಪು ಮಾಡಿ, ಬೇರೆ ಕೋಣೆಯಲ್ಲಿ ಇಡುತ್ತಾರೆ. 42 ದಿನಕ್ಕೊಮ್ಮೆ ಬರುವ ಅದಾಯೆ ಹಬ್ಬದಲ್ಲಿ ಅದಕ್ಕೆ ಎಡೆ ಇಟ್ಟು ಹಿರಿಯರನ್ನು ನೆನೆಯುತ್ತಾರೆ. ಕನ್ನಡದ ಬೇರೆ ಯಾವ ಪದದಲ್ಲೂ ನನಗೆ ಈ ಎರಡೂ ಸಿಗಲಿಲ್ಲ. ಘಾನಾದ ಇಂಗ್ಲಿಷಿನ 'ಡಿಸ್ಟೂಲ್' ಕೂಡ 'ಗದ್ದುಗೆಯಿಂದ ಇಳಿಸು' ಎಂದು ಸಲೀಸಾಗಿ ಬರುತ್ತದೆ.

ಇನ್ನೊಂದು ಪದ 'ಒಹೆಮಾ'. ಹೊಸ ಅರಸನ ಹೆಸರು ಸೂಚಿಸುವವಳು ಅವಳು. ಅರಸನ ಹೆಂಡತಿಯಲ್ಲ. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಯಾರೂ ಆಗಬಹುದು, ಏಕೆಂದರೆ ಅಲ್ಲಿ ಪಟ್ಟ ಬರುವುದು ತಾಯಿಯ ಕಡೆಯಿಂದ. ಮೇಲೆ ಸದ್ಯಕ್ಕೆ 'ರಾಜಮಾತೆ' ಎಂದಿದ್ದೇನೆ, ಆದರೆ ತಂಗಿಯಾದರೆ ಆ ಪದ ಹೊಂದುವುದಿಲ್ಲ. ಅಳಿಯಕಟ್ಟು ಬಲ್ಲ ಕರಾವಳಿಯವರ ಬಳಿ ಬೇರೆ ಪದವಿದೆಯೇ?

ಉತ್ತರ ಕರ್ನಾಟಕದವರನ್ನೂ ಕೊಡಗಿನವರನ್ನೂ ಕೇಳುವುದು ಇಷ್ಟು: 'ಚಿನ್ನದ ಗದ್ದುಗೆ' ಎಂದು ಓದಿದ ಕೂಡಲೇ ನಿಮಗೆ ಸಮಾಧಿಯೇ ಕಾಣುತ್ತದೆಯೇ, ಅಥವಾ ಅರಸೊತ್ತಿಗೆಯೂ ಕಾಣುತ್ತದೆಯೇ?