ಸರಾಸರಿ ಇಳುವರಿಯೋ, ಕೆಟ್ಟ ವರ್ಷದ ನಷ್ಟವೋ: ಸಣ್ಣ ರೈತರಿಗಾಗಿ ನಡೆಯುವ ಹವಾಮಾನ ಸಂಶೋಧನೆ ಯಾವುದನ್ನು ಅಳೆಯಬೇಕು?

ಪ್ರಶ್ನೆ: ಹಸಿರುತೆನೆ

ಎಲ್ಲರಿಗೂ ನಮಸ್ಕಾರ. ಸಣ್ಣ ಹಿಡುವಳಿಯ ಕೃಷಿ ಹವಾಮಾನ ಬದಲಾವಣೆಯನ್ನು ತಾಳಿಕೊಳ್ಳಲು ನೆರವಾಗುವ ಸಂಶೋಧನೆಗಳ ಬಗ್ಗೆ ಸ್ನಾತಕೋತ್ತರ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಜಗತ್ತಿನ ಅರವತ್ತು ಕೋಟಿಗೂ ಹೆಚ್ಚು ಹಿಡುವಳಿಗಳಲ್ಲಿ ಸುಮಾರು ಶೇ. 84ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಒಟ್ಟು ಕೃಷಿಭೂಮಿಯಲ್ಲಿ ಅವುಗಳ ಪಾಲು ಶೇ. 12ರ ಆಸುಪಾಸು ಮಾತ್ರ. ಆದರೂ ಜಗತ್ತಿನ ಆಹಾರದ ಸುಮಾರು ಮೂರನೆಯ ಒಂದು ಭಾಗ ಅಲ್ಲಿಂದಲೇ ಬರುತ್ತದೆ ಎಂಬ ಅಂದಾಜಿದೆ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ನಾನು ಓದಿದ ಪ್ರಬಂಧಗಳಲ್ಲಿ ಹೆಚ್ಚಿನವು ಹೊಸ ತಳಿಯನ್ನೋ ಪದ್ಧತಿಯನ್ನೋ ಹಲವು ಸ್ಥಳಗಳಲ್ಲಿ, ಹಲವು ಹಂಗಾಮುಗಳಲ್ಲಿ ಪರೀಕ್ಷಿಸಿ, ಕೊನೆಗೆ ಸರಾಸರಿ ಇಳುವರಿ ಶೇಕಡಾ ಇಷ್ಟು ಹೆಚ್ಚಿತು ಎಂದು ತೀರ್ಮಾನಿಸುತ್ತವೆ. ಆದರೆ ಒಂದೆರಡು ಎಕರೆಯ ಕುಟುಂಬ ಸರಾಸರಿಯನ್ನು ಉಂಡು ಬದುಕುವುದಿಲ್ಲ. ನಾಲ್ಕು ವರ್ಷ ಚೆನ್ನಾಗಿ ಬೆಳೆದು ಐದನೆಯ ವರ್ಷ ಬೆಳೆ ಪೂರ್ತಿ ಕೈಕೊಟ್ಟರೆ, ಆ ಒಂದೇ ವರ್ಷದಲ್ಲಿ ಸಾಕಿದ ದನ ಮಾರಿಹೋಗುತ್ತದೆ, ಬಿತ್ತನೆಗೆಂದು ಎತ್ತಿಟ್ಟ ಕಾಳು ಹೊಟ್ಟೆಗೆ ಹೋಗುತ್ತದೆ, ಸಾಲ ಏರುತ್ತದೆ. ಮರುವರ್ಷ ಮಳೆ ಸಕಾಲಕ್ಕೆ ಬಂದರೂ ಬಿತ್ತುವ ಶಕ್ತಿ ಉಳಿದಿರುವುದಿಲ್ಲ. ಹಾಗಿದ್ದರೆ ತಾಳಿಕೆಯನ್ನು ಅಳೆಯಬೇಕಾದದ್ದು ಸರಾಸರಿಯಿಂದಲೋ, ಅತಿ ಕೆಟ್ಟ ವರ್ಷದ ನಷ್ಟದಿಂದಲೋ? ಕೆಟ್ಟ ವರ್ಷದ ನಷ್ಟವನ್ನು ತಗ್ಗಿಸುವುದರಿಂದ ರೈತರಿಗೆ ನಿಜವಾಗಿ ಎಷ್ಟು ಪ್ರಯೋಜನವಾಯಿತು ಎಂದು ನೇರವಾಗಿ ಪರೀಕ್ಷಿಸಿದ ಅಧ್ಯಯನಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಕೆಸರುಗದ್ದೆ

ನೀವು ಕೇಳಿದ್ದಕ್ಕೆ ಬಹಳ ಹತ್ತಿರದ ಉದಾಹರಣೆ ಮುಳುಗಡೆ ತಾಳುವ ಭತ್ತ. ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸಸ್ಯದೊಳಗಿನ ಕ್ರಿಯೆಯಿಂದ ಹಿಡಿದು ರೈತನ ನಿರ್ಧಾರದವರೆಗೆ ಪೂರ್ತಿ ಸರಪಳಿಯನ್ನು ಪರೀಕ್ಷಿಸಿದ ಇಂತಹ ಉದಾಹರಣೆಗಳು ವಿರಳ.

ಗದ್ದೆಯಲ್ಲಿ ನೆರೆನೀರು ನಿಂತಾಗ ಸಾಮಾನ್ಯ ಭತ್ತದ ಪೈರು ನೀರಿನಿಂದ ಮೇಲೆ ತಲೆ ಎತ್ತಲು ಹೆಣಗುತ್ತದೆ. ಮುಳುಗಿದ ಗಿಡದೊಳಗೆ, ಗಿಡವೇ ಉತ್ಪಾದಿಸುವ ಎಥಿಲೀನ್ ಎಂಬ ಅನಿಲ ಶೇಖರವಾಗಿ ಕಾಂಡ ಮತ್ತು ಎಲೆಗಳು ಭರದಿಂದ ಉದ್ದವಾಗುತ್ತವೆ. ಈ ಓಟದಲ್ಲಿ ಕೂಡಿಟ್ಟ ಪಿಷ್ಟವೆಲ್ಲ ಖರ್ಚಾಗಿ, ನೀರು ಇಳಿಯುವ ಹೊತ್ತಿಗೆ ಪೈರು ಬಲಗುಂದಿ ಮಲಗುತ್ತದೆ. ಒಡಿಶಾ ಮೂಲದ ಎಫ್‌ಆರ್13ಎ ಎಂಬ ಹಳೆಯ ತಳಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಗುಣವಿತ್ತು. ಅದರಲ್ಲಿರುವ ಸಬ್1ಎ ಎಂಬ ಜೀನ್ ಈ ಉದ್ದವಾಗುವಿಕೆಯನ್ನೇ ತಡೆಯುತ್ತದೆ. ಗಿಡ ಬೆಳವಣಿಗೆಯನ್ನು ನಿಲ್ಲಿಸಿ, ಶಕ್ತಿಯನ್ನು ಉಳಿಸಿಕೊಂಡು, ನೀರು ಇಳಿದ ಮೇಲೆ ಹೊಸ ಎಲೆ ಬಿಡುತ್ತದೆ. 2006ರಲ್ಲಿ ಈ ಜೀನ್‌ನ ವಿವರ ಪ್ರಕಟವಾಯಿತು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ರೈತರು ಆಗಲೇ ವ್ಯಾಪಕವಾಗಿ ಬೆಳೆಯುತ್ತಿದ್ದ ಸ್ವರ್ಣ ತಳಿಗೆ ಸಂಕರಣ ಮತ್ತು ಡಿಎನ್‌ಎ ಗುರುತುಗಳ ನೆರವಿನಿಂದ ಆ ಒಂದು ಗುಣವನ್ನು ಸೇರಿಸಿದರು. ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ತಾವು ಬಲ್ಲ ತಳಿಯೇ ಒಂದು ಹೆಚ್ಚಿನ ಗುಣದೊಂದಿಗೆ ಕೈಗೆ ಬಂದದ್ದು ರೈತರಿಗೆ ಅದನ್ನು ಒಪ್ಪಿಕೊಳ್ಳಲು ಅನುಕೂಲವಾಗಿರಬೇಕು ಎಂಬುದು ನನ್ನ ಭಾವನೆ.

ಒಡಿಶಾದ ಹಳ್ಳಿಗಳಲ್ಲಿ ಲಾಟರಿ ಮಾದರಿಯಲ್ಲಿ ಆಯ್ದ ರೈತರಿಗೆ ಈ ಬೀಜದ ಸಣ್ಣ ಚೀಲಗಳನ್ನು ಕೊಟ್ಟು ನಡೆಸಿದ ಪ್ರಯೋಗದ ಮೊದಲ ವರದಿ 2013ರಲ್ಲಿ ಬಂತು. ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಸ್ವರ್ಣಕ್ಕಿಂತ ಸುಮಾರು ಶೇ. 45ರಷ್ಟು ಹೆಚ್ಚು ಇಳುವರಿ ಸಿಕ್ಕಿತು. ನೆರೆ ಬಾರದ ಗದ್ದೆಗಳಲ್ಲಿ ಇಳುವರಿ ಕಡಿಮೆಯಾಗಲಿಲ್ಲ. ತಗ್ಗು ಪ್ರದೇಶದ, ಪದೇ ಪದೇ ಮುಳುಗುವ ಜಮೀನು ಪರಿಶಿಷ್ಟ ಜಾತಿಗಳ ರೈತರ ಪಾಲಿಗೇ ಹೆಚ್ಚಾಗಿ ಬಂದಿರುವುದರಿಂದ, ಅನುಕೂಲವೂ ಅವರಿಗೇ ಹೆಚ್ಚು ದಕ್ಕಬಹುದು ಎಂಬುದನ್ನೂ ಅದೇ ವರದಿ ತೋರಿಸಿತು. ಸರಾಸರಿಯನ್ನಷ್ಟೇ ನೋಡಿದವರಿಗೆ ಈ ಅಂಶ ಕಾಣುತ್ತಲೇ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು 2016ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ. ಬೆಳೆ ಮುಳುಗಿದರೂ ಎಲ್ಲವೂ ಹೋಗುವುದಿಲ್ಲ ಎಂಬ ಧೈರ್ಯ ಬಂದ ರೈತರು ಹೆಚ್ಚು ಜಮೀನನ್ನು ಬೇಸಾಯ ಮಾಡಿದರು, ಹೆಚ್ಚು ಗೊಬ್ಬರ ಹಾಕಿದರು, ಎರಚು ಬಿತ್ತನೆಯ ಬದಲು ಶ್ರಮ ಹೆಚ್ಚು ಬೇಡುವ ನಾಟಿ ಪದ್ಧತಿಗೆ ಹೋದರು, ಸಾಲವನ್ನೂ ಬಳಸಿಕೊಂಡರು. ತಳಿಯಿಂದ ನಿರೀಕ್ಷಿಸಬಹುದಾದ ಲಾಭದ ದೊಡ್ಡ ಪಾಲು ಬಂದದ್ದು ಈ ಹೊಸ ಹೂಡಿಕೆಯಿಂದ. ಕೆಟ್ಟ ವರ್ಷದ ಭಯ ಒಳ್ಳೆಯ ವರ್ಷದ ಇಳುವರಿಯನ್ನೂ ತಿನ್ನುತ್ತಿರುತ್ತದೆ. ಆ ಭಯವನ್ನು ತಗ್ಗಿಸಿದರೆ ಸರಾಸರಿ ತಾನಾಗಿ ಮೇಲೇರುತ್ತದೆ. ಆದ್ದರಿಂದ ಕೆಟ್ಟ ವರ್ಷದ ನಷ್ಟವನ್ನೇ ಮೊದಲು ಅಳೆಯಿರಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಮಿತಿಯೊಂದನ್ನು ಮರೆಯಬಾರದು: ಈ ಜೀನ್ ಕಾಪಾಡುವುದು ಹೆಚ್ಚೆಂದರೆ ಎರಡು ವಾರಗಳ ಮುಳುಗಡೆಯಿಂದ. ತಿಂಗಳುಗಟ್ಟಲೆ ನೀರು ನಿಲ್ಲುವ ಗದ್ದೆಗೆ ಇದು ಪರಿಹಾರವಲ್ಲ.

ಉತ್ತರ 2: ಮಣ್ಣಿನಮಾತು

ಕೆಸರುಗದ್ದೆ ಅವರ ವಿವರಣೆಗೆ ವಂದನೆಗಳು. ಏನನ್ನು ಅಳೆಯಬೇಕು ಎಂಬುದರ ಜೊತೆಗೆ ಎಲ್ಲಿ ಅಳೆಯಬೇಕು, ಯಾರು ಅಳೆಯಬೇಕು ಎಂಬುದನ್ನೂ ನಿಮ್ಮ ಪ್ರಬಂಧದಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಸಂಶೋಧನಾ ಕೇಂದ್ರದ ತಾಕಿನಲ್ಲಿ ನೆಲ ಸಮತಟ್ಟಾಗಿರುತ್ತದೆ, ಗೊಬ್ಬರ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಕಳೆ ತೆಗೆಯಲು ಆಳುಗಳಿರುತ್ತಾರೆ. ಅಲ್ಲಿ ಗೆದ್ದ ತಳಿ, ತಡವಾಗಿ ಬಿತ್ತಿದ ಇಳಿಜಾರು ಹೊಲದಲ್ಲಿ ಅದೇ ಸ್ಥಾನ ಪಡೆಯುತ್ತದೆ ಎಂದು ನಂಬಲು ಆಧಾರವಿಲ್ಲ.

ಟ್ರೈಕಾಟ್ ಎಂಬ ವಿಧಾನವನ್ನು ಗಮನಿಸಿ. ಪ್ರತಿ ರೈತರಿಗೆ ಮೂರು ತಳಿಗಳ ಬೀಜದ ಪೊಟ್ಟಣ ಕೊಡುತ್ತಾರೆ. ಮೇಲೆ ಹೆಸರಿರುವುದಿಲ್ಲ, ಎ, ಬಿ, ಸಿ ಎಂಬ ಗುರುತು ಮಾತ್ರ. ಯಾವ ಮೂರು ಬರುತ್ತವೆ ಎಂಬುದು ರೈತರಿಂದ ರೈತರಿಗೆ ಬದಲಾಗುತ್ತದೆ. ಅವರು ತಮ್ಮ ಹೊಲದಲ್ಲಿ, ತಮ್ಮದೇ ರೀತಿಯಲ್ಲಿ ಬೆಳೆದು, ಮೂರರಲ್ಲಿ ಅತ್ಯುತ್ತಮ ಯಾವುದು, ಅತಿ ಕಳಪೆ ಯಾವುದು ಎಂದಷ್ಟೇ ಹೇಳಿದರೆ ಸಾಕು. ತೂಕದ ಲೆಕ್ಕ ಬರೆಯಬೇಕಾಗಿಲ್ಲ. ಸಾವಿರಾರು ಹೊಲಗಳಿಂದ ಬಂದ ಇಂತಹ ಸರಳ ಉತ್ತರಗಳನ್ನು ಆಯಾ ಹೊಲದ ಮಳೆ ಮತ್ತು ಉಷ್ಣಾಂಶದ ಮಾಹಿತಿಯೊಂದಿಗೆ ಜೋಡಿಸಿದಾಗ, ಯಾವ ಹವೆಯಲ್ಲಿ ಯಾವ ತಳಿ ಮೇಲುಗೈ ಸಾಧಿಸುತ್ತದೆ ಎಂಬ ಚಿತ್ರ ಮೂಡುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಕರಾಗುವಾದ ಹುರುಳಿಕಾಯಿ ಜಾತಿಯ ಬೀನ್ಸ್, ಇಥಿಯೋಪಿಯಾದ ಡ್ಯುರಮ್ ಗೋಧಿ ಮತ್ತು ಭಾರತದ ಗೋಧಿಯ 12 ಸಾವಿರಕ್ಕೂ ಹೆಚ್ಚು ತಾಕುಗಳ ಮಾಹಿತಿಯನ್ನು ಹೀಗೆ ಬಳಸಲಾಗಿತ್ತು. ಇಳುವರಿಯ ಜೊತೆಗೆ ಹುಲ್ಲು ದನಕ್ಕೆ ಆದೀತೇ, ಕಾಳು ಬೇಗ ಬೇಯುತ್ತದೆಯೇ ಎಂಬ ವಿಷಯಗಳನ್ನೂ ಇದೇ ರೀತಿ ಕೇಳಬಹುದು. ಮನೆಯ ಹೆಣ್ಣುಮಕ್ಕಳ ತೀರ್ಪನ್ನು ಬೇರೆಯಾಗಿ ದಾಖಲಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಕಡ್ಡಾಯವಾಗಬೇಕು.

ಒಳ್ಳೆಯ ತಳಿ ಹೊಲ ಮುಟ್ಟುವುದಿಲ್ಲವೇಕೆ ಎಂಬ ಪ್ರಶ್ನೆಯೂ ನಿಮಗೆ ಎದುರಾಗುತ್ತದೆ. 2020ರಲ್ಲಿ, ಹಸಿವನ್ನು ನೀಗಿಸುವ ದಾರಿಗಳನ್ನು ಹುಡುಕುವ ಸೀರೀಸ್2030 ಎಂಬ ಅಂತರರಾಷ್ಟ್ರೀಯ ಸಂಶೋಧನಾ ಯೋಜನೆಯ ಭಾಗವಾಗಿ, ಹವಾಮಾನ ತಾಳುವ ಬೆಳೆಗಳನ್ನು ಸಣ್ಣ ರೈತರು ಅಳವಡಿಸಿಕೊಂಡ ಬಗೆಯನ್ನು ಕುರಿತ 202 ಅಧ್ಯಯನಗಳನ್ನು ಪರಿಶೀಲಿಸಲಾಯಿತು. ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿದ ಅಂಶವೆಂದರೆ ಕೃಷಿ ವಿಸ್ತರಣಾ ಸೇವೆ, ಅಂದರೆ ಹೊಲಕ್ಕೆ ಬಂದು ವಿವರಿಸುವ, ಪ್ರಶ್ನೆಗೆ ಉತ್ತರಿಸುವ ಮನುಷ್ಯರು. ಈ ಹುದ್ದೆಗಳನ್ನು ಖಾಲಿ ಬಿಟ್ಟು ಪ್ರಯೋಗಾಲಯಕ್ಕಷ್ಟೇ ಹಣ ಸುರಿಯುವುದರಿಂದ ಪ್ರಯೋಜನವಾಗದು ಎಂದು ನಾನು ಬಲವಾಗಿ ನಂಬುತ್ತೇನೆ.

ಹಸಿರುತೆನೆ ಅವರ ಪ್ರತಿಕ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. 2016ರ ಅಧ್ಯಯನವನ್ನು ನನ್ನ ಪ್ರಬಂಧದ ಕೇಂದ್ರಕ್ಕೆ ತರುತ್ತೇನೆ. ಇನ್ನೊಂದು ಸಂದೇಹ: ಯಾವ ತಳಿಯೂ ಉಳಿಯದಂತಹ ಬರ ಬಂದಾಗ ಕುಟುಂಬದ ಊಟವನ್ನು ಕಾಯುವುದು ಯಾವುದು? ಬೆಳೆ ವಿಮೆ ಮತ್ತು ಧಾನ್ಯ ಸಂಗ್ರಹಣೆಯ ಸಂಶೋಧನೆಯನ್ನೂ ಇದೇ ಚೌಕಟ್ಟಿನೊಳಗೆ ತರಬಹುದೇ?

ಉತ್ತರ 3: ಕಣಜ

ತರಲೇಬೇಕು. ಸಂಗ್ರಹಣೆಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ ಎಂಬ ಕಳವಳ ನನಗಿದೆ. ಕೊಯ್ಲಿನಿಂದ ಚಿಲ್ಲರೆ ಮಾರಾಟದ ಹಂತ ತಲಪುವ ಮೊದಲೇ ಜಗತ್ತಿನ ಆಹಾರದ ಸುಮಾರು ಶೇ. 14ರಷ್ಟು ನಷ್ಟವಾಗುತ್ತದೆ ಎಂದು ಆಹಾರ ಮತ್ತು ಕೃಷಿ ಸಂಘಟನೆ 2019ರಲ್ಲಿ ಅಂದಾಜಿಸಿತು. ಸೆಕೆ ಮತ್ತು ತೇವ ಹೆಚ್ಚಿದಂತೆ ಹುಳು, ಬೂಷ್ಟು ಎರಡೂ ಹೆಚ್ಚುತ್ತವೆ.

ಪಶ್ಚಿಮ ಆಫ್ರಿಕಾದಲ್ಲಿ ಅಲಸಂದೆಯನ್ನು ಹುಳುವಿನಿಂದ ಕಾಪಾಡಲು ಬಳಕೆಗೆ ಬಂದ ಮೂರು ಪದರದ ಚೀಲ ಒಳ್ಳೆಯ ನಿದರ್ಶನ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಒಂದು ನೇಯ್ದ ಚೀಲ. ಚೆನ್ನಾಗಿ ಒಣಗಿದ ಕಾಳು ತುಂಬಿ, ಗಾಳಿಯನ್ನು ಹಿಂಡಿ ತೆಗೆದು, ಒಂದೊಂದನ್ನೂ ಬಿಗಿಯಾಗಿ ಕಟ್ಟುತ್ತಾರೆ. ಕಾಳಿನೊಂದಿಗೆ ಒಳಸೇರಿದ ಹುಳುಗಳು ಉಸಿರಾಡುತ್ತಾ ಅಲ್ಲಿರುವ ಆಮ್ಲಜನಕವನ್ನು ತಾವೇ ಮುಗಿಸುತ್ತವೆ. ಆಮೇಲೆ ತಿನ್ನುವುದನ್ನೂ ಸಂತಾನ ಬೆಳೆಸುವುದನ್ನೂ ನಿಲ್ಲಿಸಿ ಸಾಯುತ್ತವೆ. ಔಷಧಿಯ ಅಗತ್ಯವೇ ಇಲ್ಲ. ಹುಳುವಿನ ಹೆದರಿಕೆಯಿಂದ ಕೊಯ್ಲಾದ ಕೂಡಲೇ ಅಗ್ಗಕ್ಕೆ ಮಾರಿ, ಕೆಲವು ತಿಂಗಳ ನಂತರ ಅದೇ ಕಾಳನ್ನು ದುಬಾರಿ ಬೆಲೆಗೆ ಕೊಳ್ಳುವ ಪಾಡು ಇದರಿಂದ ತಪ್ಪಬಹುದು. ಹಾಗೆ ಉಳಿದ ಕಾಳು ಮುಂದಿನ ಬಿತ್ತನೆಯ ಬೀಜವೂ ಆಗುತ್ತದೆ.

ವಿಮೆಯ ವಿಷಯದಲ್ಲಿ ಎಚ್ಚರ ಬೇಕು. ಸೂಚ್ಯಂಕ ಆಧಾರಿತ ವಿಮೆಯಲ್ಲಿ ಹೊಲಕ್ಕೆ ಬಂದು ನಷ್ಟ ನೋಡುವುದಿಲ್ಲ. ಮಳೆಮಾಪಕವೋ ಉಪಗ್ರಹವೋ ಹೇಳಿದ ಅಂಕಿ ಮಿತಿಗಿಂತ ಕೆಳಗಿಳಿದರೆ ಹಣ ಬರುತ್ತದೆ. ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಲ್ಲಿ ಪಶುಪಾಲಕರಿಗಾಗಿ ಇಂತಹ ವಿಮೆ ಆರಂಭವಾಯಿತು. ಮೇವಿನ ಹಸಿರನ್ನು ಉಪಗ್ರಹದಿಂದ ಅಳೆದು ಪರಿಹಾರ ನಿರ್ಧರಿಸುತ್ತಿದ್ದರು. 2011ರ ಬರದಲ್ಲಿ ವಿಮೆಯಿದ್ದ ಕುಟುಂಬಗಳ ಪೈಕಿ ಅನುಕೂಲಸ್ಥರು ಜಾನುವಾರು ಮಾರುವುದು ಕಡಿಮೆಯಾಯಿತು, ಬಡವರು ಊಟ ಬಿಡುವುದು ಕಡಿಮೆಯಾಯಿತು ಎಂದು ಸಂಶೋಧಕರು ಕಂಡುಕೊಂಡರು. ಆದರೆ ಅಂಕಿಯಲ್ಲಿ ಮಳೆ ಸರಿಯಿದ್ದು, ತನ್ನ ಹೊಲ ಮಾತ್ರ ಒಣಗಿದ ರೈತನಿಗೆ ಏನೂ ಸಿಗುವುದಿಲ್ಲ. ಕಂತು ಕಟ್ಟಿಯೂ ಬರಿಗೈಯಾಗುವ ಆತ ವಿಮೆಯೇ ಇಲ್ಲದವನಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾನೆ. ಕೆಟ್ಟ ವರ್ಷವನ್ನು ಅಳೆಯುವವರು ಹಳ್ಳಿಯ ಕೆಟ್ಟ ವರ್ಷವನ್ನೂ ಆ ಒಂದು ಹೊಲದ ಕೆಟ್ಟ ವರ್ಷವನ್ನೂ ಬೇರೆ ಬೇರೆಯಾಗಿ ನೋಡಬೇಕು.

ಉತ್ತರ 4: ಅಂಕಿನೋಟ

ಮೇಲಿನ ಉತ್ತರಗಳನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಸರಾಸರಿಯನ್ನು ಪೂರ್ತಿ ಬದಿಗಿಡಬೇಡಿ, ಏಕೆಂದರೆ ಸರಾಸರಿಯೇ ಜಾರುತ್ತಿದೆ. ಜಾಗತಿಕ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ, ಬೇರೆ ಯಾವ ಹೊಂದಾಣಿಕೆಯೂ ಇಲ್ಲದಿದ್ದಲ್ಲಿ, ಜಗತ್ತಿನ ಸರಾಸರಿ ಇಳುವರಿ ಮೆಕ್ಕೆಜೋಳದಲ್ಲಿ ಶೇ. 7.4, ಗೋಧಿಯಲ್ಲಿ ಶೇ. 6, ಭತ್ತದಲ್ಲಿ ಶೇ. 3.2ರಷ್ಟು ಇಳಿಯುತ್ತದೆ ಎಂದು 2017ರ ಅಧ್ಯಯನವೊಂದು ನಾಲ್ಕು ಬಗೆಯ ವಿಧಾನಗಳನ್ನು ಒಟ್ಟುಗೂಡಿಸಿ ಅಂದಾಜಿಸಿತು. ಬಿಸಿ ಹೆಚ್ಚಿದಾಗ ಬೆಳೆ ಬೇಗ ಮಾಗುತ್ತದೆ, ಕಾಳು ತುಂಬುವ ದಿನಗಳು ಕಡಿಮೆಯಾಗುತ್ತವೆ. ಇದು ಬರಗಾಲದಂತೆ ಒಂದು ವರ್ಷ ಬಂದು ಹೋಗುವ ಹೊಡೆತವಲ್ಲ, ಪ್ರತಿ ಹಂಗಾಮಿನಲ್ಲೂ ಸ್ವಲ್ಪ ಸ್ವಲ್ಪವಾಗಿ ಕಡಿತಗೊಳಿಸುವ ನಷ್ಟ.

ಇಲ್ಲಿ ಸಮಯದ ಪ್ರಶ್ನೆಯೂ ಇದೆ. ಆಫ್ರಿಕಾದ ಮೆಕ್ಕೆಜೋಳವನ್ನು ಕುರಿತ 2016ರ ಅಧ್ಯಯನದ ಪ್ರಕಾರ, ಸಂಕರಣದಿಂದ ಆರಂಭಿಸಿ ರೈತರ ಕೈಗೆ ತಳಿ ತಲಪಿ ಬಳಕೆಗೆ ಬರುವಷ್ಟರಲ್ಲಿ ಮೂವತ್ತು ವರ್ಷಗಳವರೆಗೂ ಹಿಡಿಯಬಹುದು. ಆ ಹೊತ್ತಿಗೆ ಉಷ್ಣಾಂಶ ಏರಿರುತ್ತದೆ. ಹಿಂದಿನ ಹವೆಗೆ ಹೊಂದುವಂತೆ ಆಯ್ದ ತಳಿ ಬಿತ್ತನೆಯ ದಿನವೇ ಹಳತಾಗಿರುತ್ತದೆ. ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ಪ್ರತಿ ತಳಿಗೂ ಮೂರು ಅಂಶಗಳನ್ನು ಕೇಳಿ ಎಂದು ಸೂಚಿಸುತ್ತೇನೆ: ಸರಾಸರಿ ಇಳುವರಿ, ಅತಿ ಕೆಟ್ಟ ಹತ್ತನೆಯ ಒಂದು ಭಾಗದಷ್ಟು ತಾಕುಗಳಲ್ಲಿ ಸಿಕ್ಕ ಇಳುವರಿ, ಮತ್ತು ಮೊದಲ ಸಂಕರಣದಿಂದ ರೈತರ ಬಿತ್ತನೆಯವರೆಗೆ ಕಳೆದ ವರ್ಷಗಳು. ಎರಡನೆಯದನ್ನು ಲೆಕ್ಕ ಹಾಕಲು ಪ್ರತಿ ತಾಕಿನ ಮೂಲ ಅಂಕಿಗಳು ಬೇಕು. ಎಷ್ಟೋ ಪ್ರಬಂಧಗಳು ಕೋಷ್ಟಕದಲ್ಲಿ ಸರಾಸರಿಯನ್ನು ಮಾತ್ರ ಅಚ್ಚು ಮಾಡುತ್ತವೆ. ಲೇಖಕರಿಗೆ ಪತ್ರ ಬರೆದು ಮೂಲ ಅಂಕಿಗಳನ್ನು ಕೇಳುವ ಕೆಲಸವನ್ನು ಈಗಲೇ ಆರಂಭಿಸಿ, ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು.